ಹಗೇವಿನ ಬಾಯಿ

ಕಮಲಾಪುರದ ಆಚೆ, ನಮ್ಮ ಚಿಕ್ಕಪ್ಪನ ಹೆಂಡತಿ ಕಾಕುವಿನ ತವರೂರಿನಲ್ಲಿ ಹಳೆಯ ಊರಬಾಗಿಲು, ಅಗಸಿ, ಇನ್ನೂ ನಿಂತಿದೆ. ಅದನ್ನು ದಾಟಿದರೆ ಓಣಿಯ ಎರಡೂ ಬದಿ ಕಲ್ಲಿನ ಮನೆಗಳು, ಮಣ್ಣಿನ ಮಾಳಿಗೆಗಳು. ಕಾಕುವಿನ ಅಣ್ಣ, ನಾನು ಮಾವ ಎನ್ನುವವರು, ಹಿರಿಯರ ದೊಡ್ಡ ಮನೆಯಾದ ವಾಡೆಯನ್ನು ಅಜ್ಜನ ಕಾಲದಲ್ಲಿದ್ದಂತೆಯೇ ಉಳಿಸಿಕೊಂಡಿದ್ದಾರೆ. ಹೋದ ಬೇಸಿಗೆಯಲ್ಲಿ ಅದನ್ನು ನೋಡಲು ಕಲಬುರಗಿಯಿಂದ ಕಾಕಾ, ಕಾಕು, ನಾನು ಕಾರಿನಲ್ಲಿ ಹೋದೆವು.

ಮಾವ ಹಿತ್ತಾಳೆ ಗುಬ್ಬಿಮೊಳೆಗಳ ಬಾಗಿಲು, ಕೆತ್ತನೆಯ ಕಂಬ, ದೀಪದ ಗೂಡು ಎಲ್ಲವನ್ನೂ ಉತ್ಸಾಹದಿಂದ ತೋರಿಸಿದರು. ಕಾಕು ಅಂಗಳದಲ್ಲಿ ಚಪ್ಪಡಿ ಸರಿಸಿದ್ದ ಕುಣಿ ಕಂಡೊಡನೆ ನಿಂತುಬಿಟ್ಟರು. ಅದು ಹಗೇವು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ನಮಗೆ ತೋರಿಸಲೆಂದೇ ಮಾವ ಅಂದು ಮುಂಜಾನೆ ತೆರೆಸಿದ್ದರಂತೆ. ಬಗ್ಗಿ ನೋಡಿದೆ. ಹುಳಿ ವಾಸನೆ ಮೂಗಿಗೆ ಹತ್ತಿತು. ತಳ ಕಾಣಲಿಲ್ಲ.

ಒಳಗಿನ ಕಲ್ಲಿನ ಕೆಲಸದ ಫೋಟೋ ತೆಗೆಯುತ್ತೇನೆಂದು ಮಾವ ಏಣಿ ಇಳಿಸಿದರು.

“ಅಣ್ಣಾ, ಇಳೀಬ್ಯಾಡ,” ಎಂದರು ಕಾಕು.

“ಏನೂ ಆಗಂಗಿಲ್ಲ. ಮುಂಜಾನಿಂದ ತೆರದೇ ಅದ.”

ಕಾಕು ಬಾವಿಯ ಹಗ್ಗ ತಂದು ಅಣ್ಣನ ಸೊಂಟಕ್ಕೆ ತಾವೇ ಬಿಗಿದರು. ಮಾವ ನಗುತ್ತಲೇ ಇಳಿದರು.

ಟಾರ್ಚಿನ ಬೆಳಕು ಗೋಡೆಯ ಮೇಲೆ ಸ್ವಲ್ಪ ಹೊತ್ತು ಸರಿದಾಡಿತು. ಆಮೇಲೆ ಒಂದೇ ಕಡೆ ನಿಂತಿತು. ಎಷ್ಟು ಕೂಗಿದರೂ ಅದು ಅಲುಗಲಿಲ್ಲ. ಕಾಕಾ ಏಣಿಯ ಮೇಲೆ ಕಾಲಿಡಹೋದರು. ಕಾಕು ಅವರ ಅಂಗಿ ಹಿಡಿದೆಳೆದು, ಹಗ್ಗ ಜಗ್ಗಲು ಹೇಳಿದರು. ಮೂವರೂ ಜಗ್ಗಿದೆವು. ಮೇಲೆ ಬಂದ ಮಾವನ ತುಟಿ ನೀಲಿಗಟ್ಟಿತ್ತು. ಉಸಿರು ಮಾತ್ರ ಇತ್ತು.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗೆ ಧಾವಿಸುವಾಗ ಕಾಕು ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: ತಾವು ಸಣ್ಣವರಿದ್ದಾಗ ಅದೇ ಹಗೇವಿಗೆ ಇಳಿದ ಆಳು ಒಳಗಿನ ವಿಷಗಾಳಿಗೆ ಸಿಕ್ಕು ಮೇಲೆ ಬರಲಿಲ್ಲ. ಅವನನ್ನು ತರಲು ಹೋದ ಅವನ ತಮ್ಮನೂ ಬರಲಿಲ್ಲ. ಇಬ್ಬರೂ ವಾಂತಿಭೇದಿಯಿಂದ ಸತ್ತರೆಂದು ಮನೆಯವರು ಊರಲ್ಲಿ ಸುದ್ದಿ ಹಬ್ಬಿಸಿದರು. ಆಗ ಹೈದರಾಬಾದಿನಲ್ಲಿ ಓದುತ್ತಿದ್ದ ಮಾವ ಅದನ್ನೇ ನಂಬಿದ್ದರು.

ಸಂಜೆ ಮಾವನಿಗೆ ಎಚ್ಚರವಾಯಿತು. “ಹಗೇದ ಬಾಯಿ ಮುಚ್ಚೀರೇನು?” ಎಂದು ಕೇಳಿದರು. ನಾವು ಮುಚ್ಚಿರಲಿಲ್ಲ. ವಾಡೆಯ ಬಾಗಿಲನ್ನೂ ಹಾರುಹೊಡೆದು ತೆರೆದಿಟ್ಟೇ ಬಂದಿದ್ದೆವು. ನೆರೆಮನೆಯವರಿಗೆ ಫೋನು ಹತ್ತಲು ಬಹಳ ಹೊತ್ತು ಹಿಡಿಯಿತು. ಅವರು ಹೋಗಿ ಚಪ್ಪಡಿ ಎಳೆದು ಮುಚ್ಚಿದರು. ತೆರೆದ ಬಾಗಿಲಿಂದ ಹೊಕ್ಕಿತ್ತೋ ಏನೋ, ಅಷ್ಟರಲ್ಲೇ ಓಣಿಯ ನಾಯಿಯೊಂದು ಹಗೇವಿನೊಳಗೆ ಬಿದ್ದು ಸತ್ತಿತ್ತೆಂದು ಹೇಳಿದರು.

ಮಾವ ಗುಣವಾದರು. ವಾಡೆ ನೋಡಲು ಜನ ಈಗಲೂ ಬರುತ್ತಾರೆ. ಕಾಕುವಿನಿಂದ ನಿಜ ತಿಳಿದ ಮೇಲೆ, ಹಗೇವಿನಲ್ಲಿ ಸತ್ತ ಆ ಇಬ್ಬರು ಅಣ್ಣತಮ್ಮಂದಿರ ಮನೆ ಯಾವುದೆಂದು ಮಾವ ಊರಲ್ಲಿ ಕೇಳುತ್ತಿದ್ದಾರೆ. ಯಾರೂ ಹೇಳುತ್ತಿಲ್ಲ.