ಆನೆ ಕದ್ದ ಮಕ್ಕಳ ಟೀಚರಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ಟೀಚರಮ್ಮ ಬೆಂಚು ಹತ್ತಿ ನಿಂತು ಹಗ್ಗಕ್ಕೆ ಹಳೆಯ ಪರದೆ ಇಳಿಬಿಡುತ್ತಿದ್ದಾರೆ. ಪರದೆಯ ಆಚೆಗೊಂದು ಕುರ್ಚಿ, ಈಚೆಗೆ ಮೊಣಕಾಲೂರಲು ಒಂದು ದಿಂಬು. ಕೆಟ್ಟುಹೋದ ಹಾರ್ಮೋನಿಯಂ, ಬಣ್ಣ ಉದುರಿದ ದೇವದೂತ, ಮಡಚಿಟ್ಟ ಮೇಜುಗಳ ನಡುವೆ ಇಷ್ಟಕ್ಕೆ ಜಾಗ ಮಾಡುವಷ್ಟರಲ್ಲಿ ಅವರಿಗೆ ಸಾಕುಸಾಕಾಗಿದೆ. ಇವತ್ತು ಶನಿವಾರ. ಹತ್ತು ಗಂಟೆಗೆ ಅವರ ಧರ್ಮೋಪದೇಶ ತರಗತಿಯ ಎಂಟು ವರ್ಷದ ಮಕ್ಕಳು ಜೀವನದಲ್ಲಿ ಮೊದಲ ಸಲ ಗುರುಗಳ ಬಳಿ ಪಾಪನಿವೇದನೆ ಮಾಡಬೇಕು, ಎಂದರೆ ಪರದೆಯ ಮರೆಯಲ್ಲಿ ತಮ್ಮ ತಪ್ಪು ಒಪ್ಪಿಕೊಳ್ಳಬೇಕು. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಮಾಡಿದವರಿಗೆ ನಾಳೆ ಪೂಜೆಯಲ್ಲಿ ಮೊದಲ ಪರಮಪ್ರಸಾದ. ಅದಕ್ಕೆ ಮುಂಚೆ ಇಲ್ಲಿ ಕೊನೆಯ ತಾಲೀಮು.

ವಾರವೆಲ್ಲ ಟೀಚರಮ್ಮ ದರ್ಜಿ, ಶಾಲಾ ಸಮವಸ್ತ್ರ ಹೊಲಿಯುತ್ತಾರೆ. ಭಾನುವಾರ ಬೆಳಗಿನ ಪೂಜೆಯಾದ ಮೇಲೆ ಈ ಕೋಣೆ, ಇಪ್ಪತ್ತೆರಡು ಮಕ್ಕಳು, ಅವರ ಕಿರುಚಾಟ, ಎಲ್ಲ ಇವರ ಪಾಲಿಗೆ. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದೆ. ವಾರಕ್ಕೆ ಸಿಗುವ ಒಂದು ರಜೆಯೂ ಹೀಗೆ ಹೋಗುತ್ತದೆಂದು ಬಸ್ ಚಾಲಕರಾದ ಪತಿ ಗೊಣಗುತ್ತಾರಂತೆ. "ಗೊಣಗ್ತಾ ಗೊಣಗ್ತಾನೇ ಬಂದು ಬೆಂಚಿಗೆ ಮೊಳೆ ಹೊಡೆದು ಹೋಗ್ತಾರೆ" ಎಂದು ನಗುತ್ತಾರೆ ಇವರು.

ತಾಲೀಮಿಗೆ ಅವರದೇ ಒಂದು ನಿಯಮವಿದೆ. ಇಲ್ಲಿ ಯಾರೂ ನಿಜವಾದ ತಪ್ಪು ಹೇಳುವಂತಿಲ್ಲ. ಮೊದಲೆಲ್ಲ ಅವರು 'ಪೆನ್ಸಿಲ್ ಕದ್ದೆ' ಎಂದು ಹೇಳಿಸುತ್ತಿದ್ದರು. ಒಂದು ಸಲ ಹಾಗೆ ಹೇಳಿದ ಮಗು ಬಿಕ್ಕಿಬಿಕ್ಕಿ ಅತ್ತಿತು. ಅದು ನಿಜಕ್ಕೂ ಪೆನ್ಸಿಲ್ ಕದ್ದಿತ್ತು, ಕಳಕೊಂಡವನು ಪಕ್ಕದಲ್ಲೇ ಕೂತಿದ್ದ. ಅಂದಿನಿಂದ ಇಲ್ಲಿನ ಮಕ್ಕಳೆಲ್ಲ ಆನೆ ಕದಿಯುತ್ತಾರೆ, ರೈಲು ಬಚ್ಚಿಡುತ್ತಾರೆ, ಚಂದ್ರನಿಗೆ ಮಸಿ ಬಳಿಯುತ್ತಾರೆ. ಹೋದ ವರ್ಷ ಒಬ್ಬ ಪುಣ್ಯಾತ್ಮ ಗಾಬರಿಯಲ್ಲಿ ಗುರುಗಳ ಮುಂದೆಯೂ ಆನೆಯನ್ನೇ ಒಪ್ಪಿಸಿಬಿಟ್ಟನಂತೆ. ಗುರುಗಳು ಅದಕ್ಕೆ ಮೇವು ಹಾಕಿದೆಯಾ ಎಂದು ಕೇಳಿದರೆಂದು ಹೊರಗೆ ಬಂದು ಅವನೇ ಎಲ್ಲರಿಗೂ ಸಾರಿದ.

ಈ ವರ್ಷದ ಚಿಂತೆ ಬೇರೆ. ಗುಂಪಿನಲ್ಲೊಬ್ಬಳು ಹುಡುಗಿ ಇದ್ದಾಳೆ, ಮನೆಯವರು ಗುಬ್ಬಿ ಎನ್ನುತ್ತಾರೆ. ಪ್ರಾರ್ಥನೆಗಳೆಲ್ಲ ಬಾಯಿಪಾಠ, ಆದರೆ ಪರದೆಯ ಹತ್ತಿರ ಮಾತ್ರ ಸುಳಿಯುವುದಿಲ್ಲ. ಸುಳ್ಳು ಆನೆ ಕದಿಯಲೂ ಒಲ್ಲಳು. ಇವತ್ತು ನಿವೇದನೆ ಮಾಡದಿದ್ದರೆ ನಾಳೆ ಗೆಳತಿಯರ ಸಾಲಿನಲ್ಲಿ ಅವಳಿರುವುದಿಲ್ಲ. ಅವಳ ಬಿಳಿ ಫ್ರಾಕನ್ನು ಟೀಚರಮ್ಮನೇ ಹೊಲಿದಿದ್ದಾರೆ. ಬಲವಂತ ಮಾಡುವ ಮಾತೇ ಇಲ್ಲ ಎನ್ನುತ್ತಾರೆ. "ಅವಳಿಗೆ ಪಾಪದ ಭಯ ಅಲ್ಲ, ದೇವರ ಭಯಾನೂ ಅಲ್ಲ. ಒಂದು ಸಲ ಬಾಯಿ ಬಿಟ್ಟರೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅನ್ನೋ ಭಯ. ಚಿಕ್ಕ ಮನೆ, ತುಂಬ ಜನ. ಅಲ್ಲಿ ಹೇಳಿದ ಮಾತು ಯಾವುದು ತಾನೇ ನಿಲ್ಲುತ್ತೆ?"

ಮಕ್ಕಳು ಬರುತ್ತಾರೆ, ಗಲಾಟೆಯೂ ಬರುತ್ತದೆ. ಆನೆಗಳು ಒಂದೊಂದಾಗಿ ಕಳುವಾಗುತ್ತವೆ. ಕೊನೆಗೆ ಉಳಿದವಳು ಗುಬ್ಬಿ. ಟೀಚರಮ್ಮ ಒಂದು ಕ್ಷಣ ಯೋಚಿಸಿ, ಅವಳನ್ನು ಎತ್ತಿ ಪರದೆಯಾಚೆ ಗುರುಗಳ ಕುರ್ಚಿಯಲ್ಲೇ ಕೂರಿಸುತ್ತಾರೆ. ತಾವು ಈಚೆ, ನೋಯುವ ಮೊಣಕಾಲನ್ನು ದಿಂಬಿಗೆ ಊರುತ್ತಾರೆ. ಏನೋ ಪಿಸುಗುಡುತ್ತಾರೆ. ಸ್ವಲ್ಪ ಹೊತ್ತೇ ಆಗುತ್ತದೆ. ಪರದೆಯಾಚೆ ಕಾಲಾಡಿಸುತ್ತಿದ್ದ ಹುಡುಗಿ ಕಾಲು ನಿಲ್ಲಿಸುತ್ತಾಳೆ.

ಹೊರಬಂದವಳನ್ನು ಉಳಿದ ಮಕ್ಕಳು ಮುತ್ತಿಕೊಳ್ಳುತ್ತವೆ. ಟೀಚರ್ ಏನು ಕದ್ದರು, ಆನೆಯಾ, ರೈಲಾ? ಒಬ್ಬ ಚಾಕಲೇಟಿನ ಆಸೆಯನ್ನೂ ತೋರಿಸುತ್ತಾನೆ. ಗುಬ್ಬಿ ತುಟಿ ಬಿಚ್ಚುವುದಿಲ್ಲ. ಪತ್ರಿಕೆಗೆ ಬರೆಯಲು ಬಂದ, ಜನರ ಬಾಯಿ ಬಿಡಿಸುವುದೇ ಕಸುಬಾದ ನಾನೂ ಟೀಚರಮ್ಮನನ್ನು ಕೆದಕಿ ನೋಡುತ್ತೇನೆ. "ನಿಜವಾದ್ದೇ ಹೇಳಿದೆ" ಎಂದಷ್ಟೇ ಹೇಳಿ ಪರದೆ ಮಡಚತೊಡಗುತ್ತಾರೆ. ನನಗೆ ನಾಚಿಕೆಯಾಗುತ್ತದೆ, ಈ ಹೆಂಗಸಿನ ಮೇಲೆ ಪ್ರೀತಿಯೂ ಉಕ್ಕುತ್ತದೆ.

ಹತ್ತು ಗಂಟೆ. ಚರ್ಚಿನೊಳಗೆ ಸಾಲು ಮುಂದೆ ಸರಿಯುತ್ತಿದೆ. ಗುಬ್ಬಿ ಎರಡು ಸಲ ತನ್ನ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಡುತ್ತಾಳೆ. ಟೀಚರಮ್ಮ ದೂರದ ಕಂಬದ ಪಕ್ಕ ನಿಂತು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಾರೆ, ಆದರೆ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಗಿಯಾಗಿದೆ. ಮೂರನೇ ಸಲ ಹುಡುಗಿ ಒಳಗೆ ಹೋಗುತ್ತಾಳೆ. ಉಳಿದವರಿಗಿಂತ ಹೆಚ್ಚು ಹೊತ್ತು ಒಳಗಿರುತ್ತಾಳೆ. ಹೊರಬಂದವಳು ಮೂಗೊರೆಸಿಕೊಂಡು, ನೀರು ಕುಡಿದು, ಅಂಗಳಕ್ಕೆ ಆಟಕ್ಕೆ ಓಡುತ್ತಾಳೆ.

ಅವಳ ತಾಯಿ ಟೀಚರಮ್ಮನ ಕೈ ಹಿಡಿದುಕೊಳ್ಳುತ್ತಾರೆ. ಕಣ್ಣಲ್ಲಿ ನೀರು. "ಅಕ್ಕಾ, ನಿಮಗಾದ್ರೂ ಗೊತ್ತಿರಬೇಕಲ್ಲ. ಇಷ್ಟು ದಿನ ಏನಿತ್ತು ಮಗು ಮನಸ್ಸಲ್ಲಿ?"

"ಗೊತ್ತಿಲ್ಲಮ್ಮ" ಎನ್ನುತ್ತಾರೆ ಟೀಚರಮ್ಮ. ಅವರ ಮುಖದಲ್ಲಿ ಬೆಳಗಿನಿಂದ ಕಾಣದ ನೆಮ್ಮದಿ. "ನನಗೂ ಗೊತ್ತಾಗದ ಹಾಗೆ ಹೇಳಿ ಬಂದಳಲ್ಲ, ನನಗಷ್ಟು ಸಾಕು. ನೀವೂ ಮನೆಗೆ ಹೋಗಿ ಕೇಳಬೇಡಿ."