ಮುಯ್ಯಿ ಹೋಗದವನ ಲೇಖನ

ಆ ನೋಟೀಸು ಕಂಡಾಗ ನಾನು ಬಾದಾಮಿ ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನಲ್ಲಿ, ಕುಡಿಯುವ ನೀರಿನ ನಲ್ಲಿಯಿಂದ ಮೂರು ಹೆಜ್ಜೆ ಆಚೆ, ಬಾಗಲಕೋಟೆಯ ಕಡೆ ಮುಖ ಮಾಡಿ ನಿಂತಿದ್ದೆ. ಎರಡು ವರ್ಷದ ಹಿಂದಿನ ಶ್ರಾವಣ, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ನಾನು ಸರ್ವೆ ಇಲಾಖೆಯವನು; ನಿಂತ ಜಾಗ ಮರೆಯುವುದಿಲ್ಲ. ಮೊಬೈಲಿನಲ್ಲಿ ಕಂಡದ್ದನ್ನು ಮಾತ್ರ ಮೂರು ಸಲ ಓದಿದೆ.

“ಈ ಲೇಖನಕ್ಕೆ ಆಧಾರಗಳಿಲ್ಲ. ಏಳು ದಿನದಲ್ಲಿ ಸುಧಾರಿಸದಿದ್ದರೆ ಅಳಿಸಲಾಗುವುದು.” ಅದರ ಕೆಳಗೆ ಇನ್ನೊಂದು ಸಾಲು: “ಹೊಗಳಿದ ಹನ್ನೊಂದು ಜನರೂ ಒಬ್ಬರೇ ಎಂಬ ಅನುಮಾನವಿದೆ.”

ನಾನು ಹತ್ತಬೇಕಾದ ರೈಲು ಬಂತು, ಹೋಯಿತು. ಹತ್ತಲಿಲ್ಲ.

ಯಾರು ಬೇಕಾದರೂ ಬರೆಯಬಹುದಾದ ಅಂತರಜಾಲದ ಕನ್ನಡ ವಿಶ್ವಕೋಶಕ್ಕೆ ನಾನು ಬರೆದದ್ದು ಅದೊಂದೇ ಲೇಖನ. ವಿಷಯ ಗುಂಡಾವರ್ತಿ. ನಮ್ಮ ಹುನಗುಂದ ಸೀಮೆಯ ಎರೆಹೊಲಗಳಲ್ಲಿ ಒಡ್ಡಿನ ಪಕ್ಕಕ್ಕೆ ಪುಟ್ಟ ಬಾವಿಯಂತೆ ಕಲ್ಲಿನಿಂದ ಕಟ್ಟುತ್ತಾರೆ. ಮಳೆ ಜೋರಾದಾಗ ಹೆಚ್ಚಿನ ನೀರು ಅದರೊಳಗೆ ಇಳಿದು ಹೊರಗೆ ಹೋಗುತ್ತದೆ, ಮಣ್ಣು ಹೊಲದಲ್ಲೇ ಉಳಿಯುತ್ತದೆ. ಅದನ್ನು ಜೀವಮಾನವೆಲ್ಲ ಕಟ್ಟಿದ ಗೌಂಡಿಯೊಬ್ಬರು ಗುಡೂರಿನಲ್ಲಿದ್ದಾರೆ. ಅವರಿಂದ ಕಲಿಯಲು ಯಾರೂ ಬಂದಿರಲಿಲ್ಲ. “ಬರದಿಡ್ರಿ ಸಾಹೇಬ್ರ, ಯಾರಿಗರ ಬೇಕಾದೀತು” ಎಂದು ಅವರೇ ಕೇಳಿಕೊಂಡಿದ್ದರು.

ಬರೆದಿಟ್ಟೆ. ಹತ್ತೊಂಬತ್ತು ದಿನ ಒಬ್ಬರೂ ಇಣುಕಲಿಲ್ಲ. ಮುಖಪುಟದಲ್ಲಿ ಹೊಸ ಲೇಖನಗಳ ಪಟ್ಟಿಯೊಂದಿದೆ. ಅದರಲ್ಲಿ ಬರಬೇಕಾದರೆ ಬರೆದವನಲ್ಲದ ಬೇರೆಯವರು ಸೂಚಿಸಬೇಕು. ಇಳಕಲ್ಲಿನ ಕಚೇರಿಯಲ್ಲಿ ಊಟದ ಹೊತ್ತಿಗೆ, ಮದುವೆಗೆ ಕರೆದಂತೆ, ಹನ್ನೊಂದು ಜನರನ್ನು ಅದಕ್ಕೆ ಕರೆದೆ.

“ಏನ್ ಬರಿಬೇಕಲೇ?” ಎಂದ ನನ್ನ ಜೊತೆಗಾರ, ರೊಟ್ಟಿ ಮುರಿಯುತ್ತ.

“ಭಾಳ ಛಲೋ ಐತಿ ಅಂತ ಬರಿ.”

“ಓದಬೇಕೇನು?”

“ಬ್ಯಾಡ ಬಿಡು.”

ಎಲ್ಲರೂ ಒಂದೇ ವೈಫೈಯಿಂದ, ಕಾಲು ಗಂಟೆಯೊಳಗೆ, ಲೇಖನದ ಚರ್ಚೆಯ ಪುಟದಲ್ಲಿ ಅದೇ ಮಾತು ಬರೆದರು. ದೂರದಲ್ಲಿ ಕುಳಿತು ನೋಡುವವರಿಗೆ ಅದು ಹನ್ನೊಂದು ಮುಖವಾಡದ ಒಬ್ಬನಂತೆ ಕಂಡದ್ದರಲ್ಲಿ ತಪ್ಪಿಲ್ಲ.

ಆ ಸೋಮವಾರವೇ ರಜೆ ಹಾಕಿ, ಬಸ್ಸು ಹಿಡಿದು ಗುಡೂರಿಗೆ ಹೋದೆ. ಗೌಂಡಿ ಮನೆಯ ಕಟ್ಟೆಯ ಮೇಲೆ ಕುಳಿತು ತೂಗುಗುಂಡಿನ ದಾರ ಸುತ್ತುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ದಾರ ಸುತ್ತುವುದು ನಿಂತಿತು.

“ಅಳಸ್ತಾರಂತ?”

“ಹೂಂ. ಏಳ್ ದಿನದಾಗ.”

“ಅಲ್ರಿ, ಅಲ್ಲಿ ಬರಿಯೋ ಬ್ಯಾರೆ ಮಂದಿ ಅದಾರಲ್ಲ, ಅವರ ಹೊಲಕ್ಕ ನೀವು ಒಂದಿನರ ಮುಯ್ಯಿ ಹೋಗಿದ್ರೇನು?”

“ಇಲ್ಲ.”

ಒಳಗಿನಿಂದ ಅವರ ಹೆಂಡತಿ ಚಹಾ ತಂದರು. “ಮುಯ್ಯಿ ಹೋಗದಾಂವ ಕರದ್ರ ನಾಯಿನೂ ಬರಂಗಿಲ್ಲ. ತಗೋರಿ, ಆರತೈತಿ.”

ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬರುವುದು ಮುಯ್ಯಿ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ನಾನು. ಅದನ್ನು ಕೇಳಿಸಿಕೊಳ್ಳಲು ಗುಡೂರಿನವರೆಗೆ ಹೋಗಬೇಕಾಯಿತು.

ಮನೆಗೆ ಬಂದು ಮೊದಲು ಚರ್ಚೆಯ ಪುಟದಲ್ಲಿ ತಪ್ಪೊಪ್ಪಿಕೊಂಡೆ: ಅವರು ಹನ್ನೊಂದು ಜನರೇ, ಆದರೆ ಒಬ್ಬರೂ ಓದಿಲ್ಲ, ಕರೆತಂದವನು ನಾನು. ಮರುದಿನದಿಂದ ಬೇರೆಯವರ ಹೊಸ ಲೇಖನಗಳನ್ನು ತೆರೆದು ಓದತೊಡಗಿದೆ. ನನಗೆ ಗೊತ್ತಿದ್ದದ್ದು ನಕ್ಷೆ. ಹಳ್ಳಿಗಳ ದಿಕ್ಕು, ದೂರ, ಗಡಿ ತಪ್ಪಿದ್ದಲ್ಲಿ ತಿದ್ದಿದೆ. ದೂರದ ಜಿಲ್ಲೆಯ ಶಿಕ್ಷಕಿಯೊಬ್ಬರು ತಮ್ಮೂರ ಕೆರೆಯ ಬಗ್ಗೆ ಬರೆದಿದ್ದರು. ಅದರ ತೂಬನ್ನು ನಕ್ಷೆಯಲ್ಲಿ ತಪ್ಪು ದಂಡೆಗೆ ಗುರುತಿಸಿದ್ದರು. ಗ್ರಾಮ ನಕಾಶೆ ನೋಡಿ ಸರಿಮಾಡಿದೆ.

ಐದನೆಯ ದಿನ ಅವರು ನನ್ನ ಲೇಖನದ ಪುಟಕ್ಕೆ ಬಂದರು. ಹೊಗಳಲಿಲ್ಲ. “ಕಲ್ಲುಗಳ ನಡುವೆ ಗಚ್ಚು ಹಾಕುವುದಿಲ್ಲವೇ?” ಎಂದು ಕೇಳಿದರು. ಅದನ್ನು ನಾನು ಬರೆದೇ ಇರಲಿಲ್ಲ. ಗೌಂಡಿಗೆ ಫೋನ್ ಮಾಡಿದೆ.

“ಗಚ್ಚು ಯಾಕ? ಕಲ್ಲಿಗೆ ಕಲ್ಲ ಕುಂದರಬೇಕು. ಕೇಳಿದಾಕಿ ಶಾಣ್ಯಾಕಿ ಅದಾಳ.”

ಮರುದಿನ ಆ ಶಿಕ್ಷಕಿಯೇ ಗ್ರಂಥಾಲಯದ ಹಳೆಯ ಕೃಷಿ ಪುಸ್ತಕವೊಂದರಲ್ಲಿ ಗುಂಡಾವರ್ತಿಯ ಬಗ್ಗೆ ಎರಡು ಪುಟ ಹುಡುಕಿ, ಗಚ್ಚಿನ ಮಾತೂ ಸೇರಿದಂತೆ, ಲೇಖನಕ್ಕೆ ಆಧಾರವಾಗಿ ಸೇರಿಸಿದರು. ಮುಖಪುಟಕ್ಕೆ ಸೂಚಿಸಿದವರೂ ಅವರೇ.

ಏಳನೆಯ ದಿನ, ಭಾನುವಾರ ಮಧ್ಯಾಹ್ನ, ನಾನು ಗುಡೂರಿನ ಹೊಲವೊಂದರ ಒಡ್ಡಿನ ಮೇಲೆ, ಗೌಂಡಿ ಕಟ್ಟಿದ ಗುಂಡಾವರ್ತಿಯ ಎಡಕ್ಕೆ ನಿಂತಿದ್ದೆ; ಗೌಂಡಿ, ಅವರ ಹೆಂಡತಿ ಪಕ್ಕದಲ್ಲಿದ್ದರು. ಬೆಳಿಗ್ಗೆ ಮಳೆಯಾಗಿತ್ತು, ನೀರು ಸುತ್ತಿಕೊಂಡು ಒಳಗೆ ಇಳಿಯುತ್ತಿತ್ತು. ಮೊಬೈಲು ತೆರೆದೆ. ನೋಟೀಸು ಇರಲಿಲ್ಲ. ಗೌಂಡಿಗೆ ಓದಲು ಬರುವುದಿಲ್ಲ. ಅವರ ಹೆಂಡತಿ ಮೊಬೈಲು ಇಸಿದುಕೊಂಡು, ಮುಖಪುಟದ ಪಟ್ಟಿಯಲ್ಲಿ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಂಡನಿಗೆ ಓದಿ ಹೇಳಿದರು. ಲೇಖನದ ಚರ್ಚೆಯ ಪುಟದಲ್ಲಿ ಗುರುತಿಲ್ಲದ ಯಾರೋ ಬರೆದಿದ್ದರು: “ಇದನ್ನು ಕಟ್ಟಲು ಕಲಿಸುವವರು ಈಗಲೂ ಇದ್ದಾರೆಯೇ?”

ಗೌಂಡಿ ಕೈಯ ಕೆಸರು ಒರೆಸಿಕೊಂಡರು. “ಅದಾನ ಅಂತ ಬರೀರಿ” ಎಂದರು.

ಅಲ್ಲೇ ನಿಂತು ಬರೆದೆ. ಹಾಗೆ ಬರೆದದ್ದಕ್ಕೆ ಸಾಕ್ಷಿ ಇಬ್ಬರು, ಗೌಂಡಿ ಮತ್ತು ಅವರ ಹೆಂಡತಿ. ಇಬ್ಬರೂ ಈಗಲೂ ಇದ್ದಾರೆ, ಗುಡೂರಿನಲ್ಲೇ.