ಕರೆಂಟ್ ಬಂದರೆ ತಾನಾಗಿಯೇ

ನಮ್ಮ ಪ್ರಯೋಗಾಲಯದ ಟ್ಯೂಬ್‌ಲೈಟು ಕರೆಂಟ್ ಬಂದ ಕೂಡಲೇ ಹತ್ತುತ್ತಿರಲಿಲ್ಲ. ಎರಡು ಸಲ ಮಿಟುಕಿ ಮೂರನೆಯ ಸಲಕ್ಕೆ ಹತ್ತುತ್ತಿತ್ತು. ರೋಬಾಟ್ ತೋಳಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಮೊದಲ ಮಿಟುಕಿಗೂ ಮೂರನೆಯದಕ್ಕೂ ನಡುವೆ ನಡೆದುಹೋದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಹೇಳಲಾರೆ. ನಡೆದದ್ದು ಒಂದೇ ಸಲ.

ಹೊಸ ಶತಮಾನದ ಮೊದಲ ವರ್ಷಗಳವು. ಚಿತ್ರದುರ್ಗದ ಹೊರವಲಯದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ರೋಬಾಟಿಕ್ಸ್ ಮತ್ತು ಕೃತಕ ಬುದ್ಧಿಮತ್ತೆಯಲ್ಲಿ ಎಂ.ಟೆಕ್ ಮಾಡುತ್ತಿದ್ದೆ. ದಿನವೂ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಏನು ಓದುತ್ತಿದ್ದೀಯಮ್ಮ ಎಂದು ಪಕ್ಕದ ಸೀಟಿನವರು ಕೇಳಿದರೆ ‘ಕಂಪ್ಯೂಟರ್’ ಎಂದು ಹೇಳಿ ಮುಗಿಸುತ್ತಿದ್ದೆ. ನಮ್ಮ ತರಗತಿಯಲ್ಲಿದ್ದವರು ಏಳೇ ಜನ. ಪ್ರಾಜೆಕ್ಟಿಗೆ ನನ್ನ ಜೊತೆಗಾರನಾಗಿ ಸಿಕ್ಕವನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನವನು. ಸ್ಕ್ರೂಡ್ರೈವರ್ ಇಲ್ಲದೆ ಅವನ ಜೇಬನ್ನು ನಾನು ನೋಡಿಯೇ ಇಲ್ಲ.

ಯಾವುದೋ ಕಾರ್ಖಾನೆ ಹಳೆಯದೆಂದು ಬಿಟ್ಟುಕೊಟ್ಟಿದ್ದ, ಐದು ಕೀಲುಗಳ ಆಳೆತ್ತರದ ತೋಳೊಂದು ಕಾಲೇಜಿನಲ್ಲಿತ್ತು. ಅದರ ಸುತ್ತ ತಂತಿಬೇಲಿ, ಬೇಲಿಯ ಹೊರಗೆ ಅದನ್ನು ತಕ್ಷಣ ನಿಲ್ಲಿಸುವ ಕೆಂಪು ಗುಂಡಿ. ಶೇಂಗಾ ಬೀಜದಲ್ಲಿ ಬೂಷ್ಟು ಹಿಡಿದದ್ದನ್ನೂ ಕಲ್ಲನ್ನೂ ಕ್ಯಾಮೆರಾದಿಂದ ನೋಡಿ ಹೆಕ್ಕಿ ತೆಗೆಯುವುದನ್ನು ಅದಕ್ಕೆ ಕಲಿಸುವುದು ನಮ್ಮ ಪ್ರಾಜೆಕ್ಟು. ಬೆಳಕು ಏರುಪೇರಾದರೆ ಕ್ಯಾಮೆರಾ ತಪ್ಪುತ್ತಿತ್ತು. ಅದಕ್ಕಾಗಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದೆವು. ಬಟ್ಟೆ ಸರಿಸಿದರೆ ಜೋಗಿಮಟ್ಟಿಯ ಗುಡ್ಡಸಾಲು ಕಾಣುತ್ತಿತ್ತು. ಕರೆಂಟ್ ಹೋದಾಗ ಮಾತ್ರ ಸರಿಸುತ್ತಿದ್ದೆವು.

ಯಂತ್ರಕ್ಕೆ ಕಲಿಸಬೇಕಾದರೆ ಯಾವುದು ಒಳ್ಳೆಯ ಬೀಜ, ಯಾವುದು ಕೆಟ್ಟದ್ದು ಎಂದು ಸಾವಿರಾರು ಬೀಜಗಳನ್ನು ಮೊದಲು ಮನುಷ್ಯರೇ ವಿಂಗಡಿಸಿ ತೋರಿಸಬೇಕು. ಅದನ್ನು ಮಾಡಿಕೊಟ್ಟವರು ನಮ್ಮ ಲ್ಯಾಬ್ ಅಟೆಂಡರ್. ಹಿರಿಯೂರು ತಾಲ್ಲೂಕಿನ ಧರ್ಮಪುರದವರು, ಮನೆಮಾತು ತೆಲುಗು, ಐವತ್ತು ದಾಟಿದ್ದರು. ಶೇಂಗಾ ಹೊಲದಲ್ಲಿ ಬೆಳೆದ ಕೈ ಅವರದು. ನಾವು ಭೂತಗನ್ನಡಿ ಹಿಡಿದು ಅನುಮಾನಿಸುತ್ತಿದ್ದ ಬೀಜವನ್ನು ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ ಆಚೆಗೋ ಈಚೆಗೋ ಹಾಕಿಬಿಡುತ್ತಿದ್ದರು. ಮೇಜಿನ ಮುಂದೆ ವಾರಗಟ್ಟಲೆ ಕುಳಿತು ಹೀಗೆ ವಿಂಗಡಿಸಿದರು. ಅಷ್ಟಾದ ಮೇಲೂ ತೋಳು ಕಲ್ಲನ್ನು ಬಿಟ್ಟು ಒಳ್ಳೆಯ ಬೀಜವನ್ನೇ ಹಿಡಿದಾಗ ನಕ್ಕರು.

“ನಮ್ಮ ಎಮ್ಮೆ ಇದಕ್ಕಿಂತ ವಾಸಿ ರೀ ಮೇಡಂ. ಕೆಟ್ಟಿದ್ದು ಬಾಯಿಗೆ ಹಾಕಲ್ಲ.”

“ಎಮ್ಮೆಗೆ ಎಂ.ಟೆಕ್ ಸೀಟು ಕೊಡ್ಸಾಣ ಬಿಡ್ರಿ,” ಎಂದ ಮತ್ತೋಡಿನವನು.

“ಮೊದ್ಲು ನೀನು ಪಾಸಾಗಪ್ಪ.”

ಒಂದು ಸಲದ ಕಲಿಕೆಗೆ ಐದಾರು ಗಂಟೆ ಹಿಡಿಯುತ್ತಿತ್ತು. ತೋಳು ಹಿಡಿಯುವುದು, ತಪ್ಪುವುದು, ತಪ್ಪನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುವುದು, ಮತ್ತೆ ಹಿಡಿಯುವುದು. ಅಷ್ಟರಲ್ಲಿ ಎರಡು ಸಲವಾದರೂ ಕರೆಂಟ್ ಹೋಗುತ್ತಿತ್ತು. ಕಂಪ್ಯೂಟರಿಗೆ ಬ್ಯಾಟರಿಯ ಆಸರೆ ಇತ್ತು, ತೋಳಿಗೆ ಇರಲಿಲ್ಲ. ಅದು ಇದ್ದಲ್ಲೇ ಬ್ರೇಕ್ ಹಿಡಿದು ನಿಂತುಬಿಡುತ್ತಿತ್ತು. ಕರೆಂಟ್ ಬಂದಾಗ ಮತ್ತೆ ಚಾಲೂ ಮಾಡಲು ನಾವು ಪಕ್ಕದಲ್ಲಿಲ್ಲದಿದ್ದರೆ ಅರ್ಧ ದಿನದ ಕೆಲಸ ಹಾಳು.

ಹಾಗೆ ಕರೆಂಟ್ ಹೋದ ಒಂದು ಮಧ್ಯಾಹ್ನ ಮತ್ತೋಡಿನವನು ಬುತ್ತಿ ಬಿಚ್ಚುತ್ತಾ ಹೇಳಿದ: “ನಮ್ಮ ತೋಟದ ಬೋರ್‌ವೆಲ್ಲೇ ವಾಸಿ ಕಣಮ್ಮ. ಕರೆಂಟ್ ಬಂದ್ರೆ ಯಾರೂ ಹೇಳೋದೇ ಬ್ಯಾಡ, ತಾನೇ ಎದ್ದು ನೀರೆತ್ತುತ್ತೆ.”

ನಮ್ಮ ಕಡೆ ಪಂಪ್‌ಸೆಟ್ ಇರುವವರ ಹೊಲಗಳಲ್ಲೆಲ್ಲ ಆ ಪೆಟ್ಟಿಗೆ ಇದೆ. ಆಟೋ ಸ್ಟಾರ್ಟರ್. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದು ಗೊತ್ತಿಲ್ಲದ ಊರಿನಲ್ಲಿ, ಬಂದ ಕೂಡಲೇ ಮೋಟಾರನ್ನು ತಾನಾಗಿಯೇ ಎಬ್ಬಿಸುವ ಪೆಟ್ಟಿಗೆ. ನಮ್ಮ ಹೊಲದಲ್ಲೂ ಇತ್ತು.

“ಇದಕ್ಕೂ ಒಂದು ಹಾಕಿದ್ರೆ?” ಎಂದೆ.

ಅವನು ತಮಾಷೆಗೆ ಹೇಳಿದ್ದ. ನಾನು ತಮಾಷೆಗೆ ಕೇಳಿರಲಿಲ್ಲ.

ಎರಡು ದಿನದಲ್ಲಿ ಮುಗಿಸಿದೆವು. ಕರೆಂಟ್ ಮರಳಿದೊಡನೆ ತೋಳಿಗೆ ಶಕ್ತಿ ಹರಿಯುವಂತೆ ಅವನು ಒಂದು ರಿಲೇ ಜೋಡಿಸಿದ. ನಿಂತಲ್ಲಿಂದ ಕೆಲಸ ಮುಂದುವರಿಸುವ ಪ್ರೋಗ್ರಾಮನ್ನು ನಾನು ಬರೆದೆ. ತೋಳು ಮೊದಲು ತನ್ನ ಮೂಲ ಜಾಗಕ್ಕೆ ಮರಳಬೇಕು, ಆಮೇಲೆ ಕೆಲಸ ಹಿಡಿಯಬೇಕು. ಮರಳುವ ವೇಗವನ್ನು ಕಡಿಮೆ ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಪ್ರಾಜೆಕ್ಟಿನ ಗೈಡ್ ಆಗಿದ್ದ ಪ್ರೊಫೆಸರಿಗೆ ಹೇಳಲಿಲ್ಲ. ಫಲಿತಾಂಶ ಬಂದ ಮೇಲೆ ತೋರಿಸೋಣ ಎಂದುಕೊಂಡೆವು. ಅಟೆಂಡರಿಗೂ ಹೇಳಲಿಲ್ಲ. ಅವರಿಗೆ ಹೇಳಬೇಕೆಂಬುದು ನೆನಪಿಗೇ ಬರಲಿಲ್ಲ.

ಒಂದು ವಿಷಯ ಈಗಲೂ ನನ್ನನ್ನು ಚುಚ್ಚುತ್ತದೆ. ನಮ್ಮಪ್ಪ ಮೇನ್ ಸ್ವಿಚ್ ಇಳಿಸದೆ ಆ ಪೆಟ್ಟಿಗೆಯ ಬಾಗಿಲನ್ನೂ ಮುಟ್ಟುತ್ತಿರಲಿಲ್ಲ. ಕರೆಂಟ್ ಇಲ್ಲದಾಗಲೂ ಅಷ್ಟೇ. ಚಿಕ್ಕಂದಿನಿಂದ ಅದನ್ನು ನೋಡಿದ್ದೆ, ಮತ್ತೋಡಿನವನೂ ನೋಡಿದ್ದ. ಹೊಲದಿಂದ ಪ್ರಯೋಗಾಲಯಕ್ಕೆ ಆ ಅಭ್ಯಾಸದ ಅರ್ಧವನ್ನಷ್ಟೇ ತಂದೆವು.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ತೋಳು ಮೇಲಕ್ಕೆ ಚಾಚಿಕೊಂಡೇ ನಿಂತಿತು. ಕಂಪ್ಯೂಟರಿನ ಪರದೆಯಲ್ಲಿ ಚಿತ್ರಗಳು ಮಬ್ಬಾಗಿದ್ದವು. ಶೇಂಗಾದ ಹೊಟ್ಟು ತೋಳಿನ ತುದಿಯ ಕ್ಯಾಮೆರಾದ ಗಾಜಿಗೆ ಕೂತಿತ್ತು. ಮತ್ತೋಡಿನವನು ಕಿಟಕಿಯ ಬಟ್ಟೆ ಸರಿಸಲು ಹೋದ. ಅಟೆಂಡರ್ ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ತಂತಿಬೇಲಿಯ ಬಾಗಿಲಲ್ಲಿ ನಿಂತಿದ್ದರು.

“ಗಾಜು ಒರೆಸ್ಲಾ ಮೇಡಂ?”

“ಕರೆಂಟ್ ಇಲ್ಲ, ಹೋಗ್ರಿ,” ಎಂದೆ.

ಆ ಮಾತು ನನ್ನದು. ಪರದೆಯಿಂದ ತಲೆ ಎತ್ತದೆ ಹೇಳಿದ ಮಾತು.

ಅವರು ಒಳಗೆ ಹೋಗಿ ಸ್ಟೂಲ್ ಹತ್ತಿದರು. ಟ್ಯೂಬ್‌ಲೈಟು ಒಮ್ಮೆ ಮಿಟುಕಿತು. ಬೇಲಿಯೊಳಗೆ ತೋಳಿನ ಬ್ರೇಕ್ ಬಿಟ್ಟ ‘ಟಕ್’ ಸದ್ದು ಕೇಳಿತು. ಆಗ ನನಗೆ ಎಲ್ಲವೂ ಗೊತ್ತಾಯಿತು. ಕೆಂಪು ಗುಂಡಿ ಮೂರು ಹೆಜ್ಜೆ ದೂರದಲ್ಲಿತ್ತು. ನಾನು ಕೂಗಿದೆ. ಗುಂಡಿ ಒತ್ತಲಿಲ್ಲ, ಕೂಗಿದೆ. ನನ್ನ ಕೂಗಿಗೆ ಅವರು ತಿರುಗಿ ನೋಡಿದರು. ತೋಳು ಅರ್ಧ ವೃತ್ತದಷ್ಟು ಬೀಸಿ ಬಂತು. ತಿರುಗಿದ್ದರಿಂದ ತಲೆ ಉಳಿಯಿತೋ, ತಿರುಗಿದ್ದರಿಂದಲೇ ಹೆಗಲಿಗೆ ಬಡಿಯಿತೋ ನನಗೆ ಇಂದಿಗೂ ತಿಳಿಯದು. “ದೇವುಡಾ!” ಎಂದರು. ಸ್ಟೂಲ್ ಉರುಳಿತು. ಲೈಟು ಪೂರ್ತಿ ಹತ್ತಿಕೊಂಡಿತು. ಕಿಟಕಿಯಿಂದ ಓಡಿಬಂದು ಗುಂಡಿ ಒತ್ತಿದವನು ಮತ್ತೋಡಿನವನು. ಆ ಹೊತ್ತಿಗೆ ತೋಳು ತನ್ನ ಮೂಲ ಜಾಗದಲ್ಲಿ ನಿಂತು ಮುಂದಿನ ಬೀಜಕ್ಕೆ ಬಾಗುತ್ತಿತ್ತು.

ಅವರನ್ನು ಹೊರಗೆ ತಂದು ಗೋಡೆಗೆ ಒರಗಿಸಿದೆವು. ಬಲಗೈ ಎತ್ತಲು ಆಗುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗ ಅವರೇ ಹೇಳಿದರು:

“ಸ್ಟೂಲಿಂದ ಬಿದ್ದೆ ಅಂತೀನಿ. ನೀವು ಸುಮ್ನಿರ್ರಿ.”

“ಯಾಕ್ರಿ?”

“ಬೇಲಿ ಒಳಗೆ ಹೋಗ್ಬಾರ್ದು ಅಂತ ಬೋರ್ಡ್ ಐತಲ್ಲ ಮೇಡಂ. ಈ ತಿಂಗ್ಳು ನನ್ನ ರಿನ್ಯೂವಲ್ ಐತೆ.”

ಅವರದು ವರ್ಷಕ್ಕೊಮ್ಮೆ ಮುಂದುವರಿಯುವ ತಾತ್ಕಾಲಿಕ ಕೆಲಸ. ಗೈಡ್ ಬಂದರು. ಅಟೆಂಡರ್ ಅಂದಂತೆಯೇ ಹೇಳಿದರು. ನಾನು ಸುಮ್ಮನಿದ್ದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಹೆಗಲ ಮುಂದಿನ ಕೊರಳೆಲುಬು ಬಿರುಕು ಬಿಟ್ಟಿದ್ದು ಕಂಡಿತು. ಸಂಜೆ ಹೊಳಲ್ಕೆರೆಯ ಬಸ್ಸು ಹತ್ತಿ ಕೂತಾಗ ನನಗೆ ಆದದ್ದು ನಿರಾಳ. ಅದನ್ನು ಬಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ರಿಲೇಯನ್ನು ಮರುದಿನವೇ ಕಿತ್ತೆವು. ಯಾರಿಗೂ ಏನೂ ಹೇಳದೆ ಕೆಲಸ ಮುಂದುವರಿಸಿದೆವು. ಹತ್ತು ದಿನ ಕಳೆದಿತ್ತು. ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ಅಟೆಂಡರ್ ಬಾಗಿಲಲ್ಲಿ ನಿಂತಿದ್ದರು.

“ಬರ್ರಿ, ಕುಂತ್ಕಳ್ರಿ,” ಎಂದ ಮತ್ತೋಡಿನವನು.

“ಕುಂತ್ಕಳಕ್ಕೆ ಬಂದಿಲ್ಲಪ್ಪ. ನನ್ನ ಲೋಟ, ಟವಲ್ಲು ಇಲ್ಲೇ ಅದಾವೆ.”

“ಯಾಕೆ, ಏನಾತು?”

“ರಿನ್ಯೂವಲ್ ಮಾಡಲ್ಲಂತೆ. ವಯಸ್ಸಾತು, ಸ್ಟೂಲ್ ಮ್ಯಾಲೆ ನಿಂತ್ರೆ ತಲೆ ತಿರುಗ್ತೈತೆ, ಇಂಥವರನ್ನ ಲ್ಯಾಬಿನಾಗೆ ಇಟ್ಕಳಕ್ಕಾಗಲ್ಲ ಅಂತ ಆಫೀಸಿನಾಗೆ ಬರ್ದವ್ರೆ.” ಎಡಗೈಯಿಂದ ಲೋಟವನ್ನು ಟವಲ್ಲಿನಲ್ಲಿ ಸುತ್ತುತ್ತಾ ನಕ್ಕರು. “ನಾನೇ ಹೇಳಿದ್ದಲ್ವಾ, ಬಿದ್ದೆ ಅಂತ.”

ಅವರು ಮೆಟ್ಟಿಲಿಳಿದು ಹೋದರು.

“ಗೈಡ್ ಹತ್ರ ಹೋಗಾಣ,” ಎಂದೆ.

“ಪ್ರಾಜೆಕ್ಟ್ ನಿಲ್ಲಿಸ್ತಾರೆ. ಒಂದು ಸೆಮಿಸ್ಟರ್ ಹೋಗುತ್ತೆ ಕಣಮ್ಮ. ಅವರೇ ಹೇಳಿದ್ದಾರೆ ಬಿದ್ದೆ ಅಂತ, ನಾವು ಹೇಳಿಸಿದ್ವಾ?”

“ನಾವು ಸುಮ್ನಿದ್ವಿ.”

ಅವನು ಸ್ಕ್ರೂಡ್ರೈವರನ್ನು ಜೇಬಿಂದ ತೆಗೆದ, ಮತ್ತೆ ಜೇಬಿಗಿಟ್ಟ. “ರಿಲೇ ಹಾಕಿದ್ದು ನಾನು ಅಂತ್ಲೂ ಹೇಳು,” ಎಂದ. ನನ್ನ ಹಿಂದೆಯೇ ಬಂದ.

ಗೈಡ್ ಎಲ್ಲವನ್ನೂ ಕೇಳಿಸಿಕೊಂಡರು. ರಿಲೇಯ ಬಗ್ಗೆ ಕೇಳಿದರು, ಪ್ರೋಗ್ರಾಮಿನ ಬಗ್ಗೆ ಕೇಳಿದರು. ನಾನು ವೇಗದ ಲೆಕ್ಕವನ್ನು ವಿವರಿಸತೊಡಗಿದಾಗ ಕೈ ಎತ್ತಿ ನಿಲ್ಲಿಸಿದರು.

“ಅವರನ್ನ ಒಳಗೆ ಕಳಿಸಿದ್ದು ಯಾರು?”

“ನಾನು ಸರ್.”

“ಅದನ್ನ ಬರೆದು ಕೊಡು.”

ಮೂರು ಸಲ ಬರೆದೆ. ಮೊದಲ ಎರಡರಲ್ಲಿ ಯಂತ್ರವಿತ್ತು, ವೋಲ್ಟೇಜ್ ಇತ್ತು, ಚಿತ್ರವೂ ಇತ್ತು. ಒಳಗೆ ಹೋಗಿ ಎಂದು ನಾನು ಹೇಳಿದ ಮಾತು ಮೂರನೆಯದರಲ್ಲಿ ಮಾತ್ರ ಬಂತು. ಗೈಡ್ ಅದನ್ನು ಹಿಡಿದುಕೊಂಡು ಆಫೀಸಿಗೆ ನಡೆದರು. ನಮ್ಮ ಪ್ರಾಜೆಕ್ಟ್ ನಿಂತಿತು, ಸೆಮಿಸ್ಟರ್ ಹೋಯಿತು. ಪ್ರಯೋಗಾಲಯದ ಬಾಗಿಲಿಗೆ ಬೀಗ ಬಿತ್ತು. ಮನೆಯಲ್ಲಿ ನಾನು ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದಷ್ಟೇ ಹೇಳಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಮನೆಯವರು ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುವ ಅಭ್ಯಾಸ ಆಗಲೇ ಶುರುವಾಯಿತು.

ಮತ್ತೆ ಕೆಲಸಕ್ಕೆ ಬರುವಂತೆ ಅಟೆಂಡರಿಗೆ ಕರೆ ಹೋಯಿತೆಂದು ಮಳೆಗಾಲದ ಶುರುವಿನಲ್ಲಿ ತಿಳಿಯಿತು. ಪ್ರಯೋಗಾಲಯದ ಬೀಗ ತೆಗೆದ ದಿನ ಅವರೂ ಬಂದರು. ಅವರ ಬಲಗೈ ಹೆಗಲಿಗಿಂತ ಮೇಲೆ ಹೋಗುತ್ತಿರಲಿಲ್ಲ. ಏನು ಹೇಳಬೇಕೆಂದು ಬಸ್ಸಿನಲ್ಲಿ ಇಡೀ ದಾರಿ ಜೋಡಿಸಿಕೊಂಡು ಬಂದಿದ್ದೆ. ಎದುರಿಗೆ ನಿಂತಾಗ ಅಳು ಬಂದುಬಿಟ್ಟಿತು.

“ಅಳಬ್ಯಾಡ್ರಿ ಮೇಡಂ. ನೀವೇನು ಬೇಕು ಅಂತ ಮಾಡಿದ್ರಾ?” ಎಂದರು. ಒರೆಸುವ ಬಟ್ಟೆಯನ್ನು ಕೊಡವಿ ಎಡ ಹೆಗಲಿಗೆ ಹಾಕಿಕೊಳ್ಳುತ್ತಾ, “ಆದ್ರೆ ನನಗೊಂದು ಮಾತು ಹೇಳ್ಬೇಕಿತ್ತು,” ಎಂದರು.

ಕ್ಯಾಮೆರಾದ ಗಾಜಿನ ಮೇಲೆ ತಿಂಗಳುಗಳ ಧೂಳು ಕೂತಿತ್ತು. ನಾನು ಒರೆಸುತ್ತೇನೆಂದರೂ ಅವರು ಕೇಳಲಿಲ್ಲ. ನೇರವಾಗಿ ಗೋಡೆಯ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ, ತೋಳಿಗೆ ಕರೆಂಟ್ ಕೊಡುವ ಪಿಂಗಾಣಿ ಫ್ಯೂಸುಗಳನ್ನು ಎಡಗೈಯಿಂದ ಒಂದೊಂದಾಗಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು.

“ನಮ್ಮೂರ ಲೈನ್‌ಮ್ಯಾನ್ ಹಿಂಗೇ ಮಾಡೋದು. ಫ್ಯೂಸ್ ಜೇಬಿನಾಗೆ ಇಲ್ದೆ ಕಂಬ ಹತ್ತಲ್ಲ. ಯಾರೋ ಕೆಳಗೆ ನಿಂತು ಕರೆಂಟ್ ಇಲ್ಲ, ಹತ್ತು ಅಂದ್ರೆ ನಂಬ್ತಾನಾ?”

ನನ್ನನ್ನು ಕುಟುಕಲು ಹೇಳಿದ್ದೋ ಅಲ್ಲವೋ ಗೊತ್ತಾಗಲಿಲ್ಲ. ಜೇಬು ಭಾರಕ್ಕೆ ಜೋತುಬಿದ್ದಿತ್ತು. ಬೇಲಿಯ ಬಾಗಿಲು ತೆರೆದು ಒಳಗೆ ಹೋಗಿ, ತೋಳಿನ ಕೆಳಗೆ ಸ್ಟೂಲ್ ಎಳೆದುಕೊಂಡು ಹತ್ತಿದರು. ನಾನು ಮೂರು ಹೆಜ್ಜೆ ನಡೆದು ಕೆಂಪು ಗುಂಡಿಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದೆ.

ಒರೆಸುತ್ತಾ ಒಮ್ಮೆ ತಿರುಗಿ ನೋಡಿದರು.

“ಬಿಡ್ರಿ ಮೇಡಂ, ಕೈ ನೋಯುತ್ತೆ. ಫ್ಯೂಸ್ ನನ್ನತ್ರ ಐತೆ.”

ಅವರು ಇಳಿದು, ಹೊರಗೆ ಬಂದು, ಬೇಲಿಯ ಬಾಗಿಲು ಹಾಕುವವರೆಗೆ ನಾನು ಕೈ ತೆಗೆಯಲಿಲ್ಲ.